ಕೈಯಲ್ಲಿ ತಿರುಗದ ಉಳಿ

ಕಟ್ಟಿಗೆ ಕಡೆಯುವ ಉಳಿಗಳೆಲ್ಲ ಹುಟ್ಟಿನಿಂದಲೇ ತಪ್ಪಾಗಿವೆ, ಅವುಗಳನ್ನು ತಿದ್ದಲು ದೇವರು ನನ್ನನ್ನೇ ಆರಿಸಿದ್ದಾನೆ ಎಂಬುದು ನನಗೆ ಹೊಳೆದದ್ದು ಒಂದು ರವಿವಾರ, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಿದ್ದಾಗ. ಒಳಗೆ ನನ್ನ ಹೆಂಡತಿ ಪಾರ್ವತಿ ಹೂರಣ ತಿರುವುತ್ತಿದ್ದಳು. ಗಟ್ಟಿ ಹೂರಣದಲ್ಲಿ ಸೌಟು ಮತ್ತೆ ಮತ್ತೆ ಅವಳ ಮುಷ್ಟಿಯೊಳಗೆ ಪಕ್ಕಕ್ಕೆ ಹೊರಳುತ್ತಿತ್ತು. ಯಾಕೆ ಹೊರಳುತ್ತದೆ? ಭಾರ ಬೀಳುವ ಜಾಗ ಹಿಡಿಕೆಯ ನೇರಕ್ಕೆ ಇಲ್ಲ, ಅದಕ್ಕೆ! ನಾನು ತೊಡೆ ತಟ್ಟಿಕೊಂಡು ಎದ್ದು ನಿಂತೆ.

“ಸಿಕ್ತು!” ಎಂದೆ.

“ಏನ್ರಿ, ಹಲ್ಲಿಯೇನು?” ಎಂದಳು ಪಾರ್ವತಿ, ಸೌಟು ಎತ್ತಿಕೊಂಡು.

ಆಗ ಯುದ್ಧದ ಕಾಲ. ನಾನು ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಭಾಗಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದೆ. ಅಂದರೆ ಬೇರೆಯವರು ಬೆವರು ಸುರಿಸಿ ಮಾಡುವುದನ್ನು ಬೆವರಿಲ್ಲದೆ ಕಾಗದದ ಮೇಲೆ ಮಾಡುವವನು. ನಮ್ಮಪ್ಪ ಕಾಳಪ್ಪ ಮಾತ್ರ ಬಡಿಗತನದಲ್ಲೇ ಕೂದಲು ಬೆಳ್ಳಗಾಗಿಸಿಕೊಂಡವನು. ಹಳೇ ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯ ಅರ್ಧವನ್ನು ಅವನ ಲೇಥು ನುಂಗಿತ್ತು. ಪಕ್ಕದಲ್ಲಿ ಒಂದು ದೊಡ್ಡ ಗಾಲಿ. ಒಬ್ಬರು ಆ ಗಾಲಿ ತಿರುವಿದರೆ, ಹಗ್ಗದ ಎಳೆತಕ್ಕೆ ಲೇಥಿನ ಮೇಲೆ ಸಿಕ್ಕಿಸಿದ ಕಟ್ಟಿಗೆ ಗರಗರ ತಿರುಗುತ್ತಿತ್ತು. ಅಪ್ಪ ಅದಕ್ಕೆ ಉಳಿ ತಾಗಿಸಿ ಕಡೆದು ಲಟ್ಟಣಿಗೆ, ಬುಗುರಿ, ಮಂಚದ ಕಾಲು, ತೊಟ್ಟಿಲಿನ ಸಣ್ಣ ಕಂಬಗಳನ್ನು ಮಾಡುತ್ತಿದ್ದ.

ಮಾಡುತ್ತಿದ್ದ ಎಂದೇ ಹೇಳಬೇಕು. ಹಿಂದಿನ ವರ್ಷ ಉಳಿ ಒಂದು ಗಂಟಿಗೆ ಕಚ್ಚಿಕೊಂಡು, ಅಪ್ಪನ ಕೈಯೊಳಗೆ ರಪ್ಪನೆ ತಿರುಗಿ, ಬಲಗೈ ಮಣಿಕಟ್ಟು ಉಳುಕಿತ್ತು. ಅಂದಿನಿಂದ ಉಳಿ ಹಿಡಿದರೆ ಸಾಕು, ಮಣಿಕಟ್ಟು ಬಾತುಕೊಳ್ಳುತ್ತಿತ್ತು. ಅಪ್ಪ ಕೆಲಸ ಬಿಟ್ಟ. ಆದರೆ ಬೆಳಗಾದರೆ ಲೇಥಿಗೆ ಎಣ್ಣೆ ಹಾಕುವುದನ್ನು ಬಿಡಲಿಲ್ಲ. ಉಳಿಗಳನ್ನು ಒಂದೊಂದಾಗಿ ಒರೆಸಿ, ಗೋಡೆಗೆ ತೂಗುಹಾಕಿ, ಅವುಗಳ ಮುಂದೆ ಸುಮ್ಮನೆ ಕೂರುತ್ತಿದ್ದ.

ಆ ರವಿವಾರ ಹೋಳಿಗೆ ಮಾಡಿದ್ದು ನನ್ನ ತಂಗಿ ಶಾಂತಾಳಿಗಾಗಿ. ಅಮ್ಮಿನಬಾವಿಗೆ ಕೊಟ್ಟಿದ್ದ ಹುಡುಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವ್ವ ತೀರಿಹೋಗಿ ವರ್ಷಗಳಾಗಿದ್ದವು. ಹಾಗಾಗಿ ಬಾಣಂತನದ ಹೊಣೆಯೆಲ್ಲ ಪಾರ್ವತಿಯದು. ಊಟಕ್ಕೆ ಕೂತಾಗ ಅಪ್ಪ ಸಂಭ್ರಮದಿಂದ ಹೇಳಿದ:

“ಶಾಂತವ್ವಾ, ಕೂಸಿನ ತೊಟ್ಲಾ ನಾನ ಮಾಡ್ತೇನಿ. ಸಾಗವಾನಿ ತಗದ ಇಟ್ಟೇನಿ.”

ಶಾಂತಾ ಅವನ ಮಣಿಕಟ್ಟು ನೋಡಿದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದಳು: “ಬ್ಯಾಡಪ್ಪಾ, ಯಾಕ ಕೈ ನೋಯಿಸ್ಕೊಂತಿ? ಕಲಘಟಗಿಯಿಂದ ಒಂದು ಬಣ್ಣದ ತೊಟ್ಲಾ ತರಿಸಿದ್ರ ಆತು.”

ಅಪ್ಪ ಎಲೆಯಲ್ಲಿ ಅರ್ಧ ಹೋಳಿಗೆ ಹಾಗೇ ಬಿಟ್ಟು ಎದ್ದ. ನಮ್ಮಪ್ಪ ಹೋಳಿಗೆ ಬಿಟ್ಟು ಎದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅಲ್ಲೇ ನಾನು ಘೋಷಿಸಿದೆ: “ಅಪ್ಪಾ, ತೊಟ್ಲಾ ನೀನ ಮಾಡಾಂವ. ಕೈಯಾಗ ತಿರುಗಲಾರದಂಥ ಉಳಿ ನಾ ಮಾಡಿ ಕೊಡ್ತೇನಿ!”

ಅಪ್ಪನ ಮುಖ ಅರಳಿತು. ಪಾರ್ವತಿಯ ಮುಖ ಬಾಡಿತು. ನಾನು ಎಂಥವನೆಂದು ಅವಳಿಗೆ ಹೆಚ್ಚು ಗೊತ್ತಿತ್ತು.

ನನ್ನ ಸಿದ್ಧಾಂತ ಸರಳವಾಗಿತ್ತು. ಮೊದಲನೆಯದಾಗಿ, ಉಳಿಯ ಕೊರಳನ್ನು ಸೊಂಡಿಲಿನ ಹಾಗೆ ಬಾಗಿಸಿ, ಕಟ್ಟಿಗೆಗೆ ತಾಗುವ ತುದಿಯನ್ನು ಸರಿಯಾಗಿ ಹಿಡಿಕೆಯ ನೇರಕ್ಕೆ ತರುವುದು. ಆಗ ತಿರುಚುವ ಬಲವೇ ಹುಟ್ಟುವುದಿಲ್ಲ. ಜೊತೆಗೆ, ಮೊಂಡ ಉಳಿಗೆ ಹೆಚ್ಚು ಒತ್ತಬೇಕಾಗುತ್ತದೆ. ಆದ್ದರಿಂದ ತುದಿ ಎಂದೂ ಮೊಂಡಾಗಬಾರದು. ನಮ್ಮ ಕಾರ್ಖಾನೆಯಲ್ಲಿ ಉಕ್ಕು ಕೊರೆಯುವ ಹತಾರಗಳ ತುದಿಗೆ ಕಾರ್ಬೈಡ್ ಎಂಬ ಮಹಾಗಟ್ಟಿ ಚೂರನ್ನು ಬೆಸೆಯುತ್ತಿದ್ದರು. ಉಕ್ಕಿಗೇ ಮಣಿಯದ್ದು ಸಾಗವಾನಿಗೆ ಮಣಿಯುತ್ತದೆಯೆ? ಒಡೆದುಹೋಗಿ ಬಿಸಾಡಿದ್ದ ಒಂದು ಚೂರನ್ನು ಫೋರ್‌ಮನ್ ಹತ್ತಿರ ಕೇಳಿದೆ. ಅವರು ಕೊಟ್ಟರು, “ಬೆಸೆಯೂದು ಅಷ್ಟ ಸರಳ ಇಲ್ಲೋ ಮೌನೇಶ” ಎಂದೂ ಹೇಳಿದರು. ನಾನು ಚೂರನ್ನು ತೆಗೆದುಕೊಂಡೆ, ಮಾತನ್ನು ಅಲ್ಲೇ ಬಿಟ್ಟೆ.

ಅಷ್ಟರಲ್ಲಿ ಅಪ್ಪ ಓಣಿಗೆಲ್ಲ ಸುದ್ದಿ ಮುಟ್ಟಿಸಿದ್ದ. “ನನ್ನ ಮಗ ತಿರುಗಲಾರದ ಉಳಿ ಮಾಡಾಕತ್ತಾನ. ನಾಳೆ ಸರಕಾರದವ್ರು ಬಂದು ಕೇಳಿದ್ರೂ ಮೊದಲ ಅಪ್ಪಗ, ಆಮ್ಯಾಲ ನಿಮಗ ಅಂದಾನ!” ನಾನು ಹಾಗೆ ಅಂದಿರಲಿಲ್ಲ. ಆದರೆ ಅಪ್ಪ ಅಷ್ಟು ಖುಷಿಯಿಂದ ಹೇಳುವಾಗ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಬೆಸುಗೆಯ ದಿನ ಬಂತು. ಪಡಸಾಲೆಯಲ್ಲಿ ಇದ್ದಿಲಿನ ಒಲೆ ಹೂಡಿ, ತಿದಿ ಊದಿ, ಕೊರಳು ಬಾಗಿಸಿದ ಉಳಿಯ ತುದಿಗೆ ಬೆಸುಗೆ ಹಿಡಿಯಲೆಂದು ಬಿಳಿಗಾರ ಸವರಿ, ಹಿತ್ತಾಳೆಯ ತುಣುಕಿಟ್ಟು, ಅದರ ಮೇಲೆ ಕಾರ್ಬೈಡ್ ಚೂರನ್ನು ಕೂರಿಸಿದೆ. ಹಿತ್ತಾಳೆ ಕರಗಿ ಹೊಳೆಯಿತು. ಚೂರು ಕೂತಿತು. ಎಷ್ಟು ಚೆಂದ ಕೂತಿತೆಂದರೆ ಪಾರ್ವತಿ ಕೂಡ “ಅಯ್ಯ, ಖರೇನ ಹತ್ತೇತಲ್ರಿ!” ಎಂದಳು.

ಕೆಂಪಗೆ ಕಾದ ಹತಾರವನ್ನು ಬಕೆಟ್ಟಿನ ನೀರಿನಲ್ಲಿ ಅದ್ದಬೇಕು ಎಂಬುದು ಇಡೀ ಜಗತ್ತಿಗೆ ಗೊತ್ತಿರುವ ಸಂಗತಿ. ಕಾರ್ಬೈಡಿಗೆ ಮಾತ್ರ ಗೊತ್ತಿರಲಿಲ್ಲ.

ಟಣ್!

ಚೂರು ಎರಡಾಗಿ ಒಂದು ಹೋಳು ಸೂರಿಗೆ ಹಾರಿತು. ನಾನು ಬೆಚ್ಚಿ ಹಿಂದೆ ನೆಗೆದೆ. ಕಾಲು ಬಕೆಟ್ಟಿಗೆ ತಾಗಿ ಅದು ಉರುಳಿತು. ನೀರು ಪಡಸಾಲೆಯ ತುಂಬ ಹರಿಯಿತು.

“ಇರ್ಲಿ ಬಿಡೋ ತಮ್ಮಾ, ಯಾಕ ಹೆದರ್ತಿ?” ಎಂದು ಹಿಂದಿನಿಂದ ಅಪ್ಪನ ದನಿ ಬಂತು. “ಕಾರ್ಬೈಡ್ ಸಿಗೂದಿಲ್ಲ ಸಿಗೂದಿಲ್ಲ ಅಂತಿದ್ದಿ. ನಾ ಸೈಕಲ್ ಅಂಗಡಿಂದ ಒಂದು ಡಬ್ಬಿ ತಂದ ಇಟ್ಟೇನಿ. ಬೇಕಾದ್ದ ಆರಿಸ್ಕೋ!”

ತಿರುಗಿ ನೋಡಿದೆ. ಅಪ್ಪ ಗೋಣಿತಟ್ಟಿನ ಮೇಲೆ ಡಬ್ಬಿಯನ್ನು ಸುರಿದು, ಒಳ್ಳೊಳ್ಳೆಯ ಹರಳುಗಳನ್ನು ಪ್ರೀತಿಯಿಂದ ಬೇರೆ ಮಾಡುತ್ತಿದ್ದ. ಅದು ಸೈಕಲ್ ದೀಪಕ್ಕೂ ಮದುವೆಯ ಮೆರವಣಿಗೆಯ ಬತ್ತಿಗೂ ಹಾಕುವ ಬೂದುಬಣ್ಣದ ಕಾರ್ಬೈಡ್. ಹೆಸರು ಒಂದೇ, ಗುಣ ಬೇರೆ. ನೀರು ತಾಗಿದರೆ ಸಾಕು, ಗ್ಯಾಸು ಬಿಡುತ್ತದೆ. ಬೆಂಕಿ ತಾಗಿದರೆ ಆ ಗ್ಯಾಸು ಉರಿಯುತ್ತದೆ. ನಮ್ಮ ಪಡಸಾಲೆಯಲ್ಲಿ ಆ ಕ್ಷಣಕ್ಕೆ ನೀರೂ ಇತ್ತು, ಬೆಂಕಿಯೂ ಇತ್ತು.

ನೀರು ಗೋಣಿತಟ್ಟನ್ನು ಮುಟ್ಟಿತು. ಬುಸ್ಸ್ ಎಂದು ನೊರೆ ಎದ್ದಿತು. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಮೂಗಿಗೆ ಹೊಡೆಯಿತು.

“ಪಾರೂ, ಶಾಂತಾನ್ನ ಕರಕೊಂಡು ಹಿತ್ತಲಕ್ಕ ಹೋಗು!” ಎಂದು ಕೂಗಿ, ಗೋಣಿತಟ್ಟನ್ನು ಬಾಚಿಕೊಂಡು ಅಂಗಳಕ್ಕೆ ಓಡಿದೆ. ಓಡುವಾಗ ಒಲೆಯ ಪಕ್ಕದಿಂದಲೇ ಹಾಯಬೇಕಿತ್ತು. ಭಗ್ಗ್! ಗೋಣಿತಟ್ಟನ್ನು ಒಗೆದು ಅಂಗಳದ ಮಣ್ಣಿನಲ್ಲಿ ಹೊರಳಾಡಿ ಎದ್ದೆ. ಯಾರಿಗೂ ಏನೂ ಆಗಿರಲಿಲ್ಲ. ನನ್ನ ಮೀಸೆಯ ಬಲಭಾಗ ಮಾತ್ರ ಇರಲಿಲ್ಲ.

ಆಗ ಗೋಡೆಯಾಚೆಯಿಂದ ಪಕ್ಕದ ಮನೆಯ ಗುಂಡಾಚಾರ್ಯರ ತಲೆ ಮೇಲೆದ್ದಿತು. ಅವರು ನಿವೃತ್ತ ಮಾಸ್ತರರು, ಮಡಿಯವರು, ಉಳ್ಳಾಗಡ್ಡಿ, ಬೆಳ್ಳುಳ್ಳಿಯ ಹೆಸರನ್ನೂ ಬಾಯಲ್ಲಿ ಎತ್ತದವರು. ಮೂಗಿಗೆ ಉತ್ತರೀಯ ಒತ್ತಿಕೊಂಡಿದ್ದರು.

“ಏನ್ರೀ ಕಾಳಪ್ಪನವರ, ಇವತ್ತ ಏಕಾದಶಿ! ಇಡೀ ಓಣಿಗೆ ಹಬ್ಬೂ ಹಂಗ ಬಳ್ಳೊಳ್ಳಿ ಒಗ್ಗರಣಿ ಹಾಕ್ಲಿಕ್ಹತ್ತೀರಲ್ಲ!”

“ಒಗ್ಗರಣಿ ಅಲ್ರಿ ಆಚಾರ್ರ,” ಎಂದಳು ಪಾರ್ವತಿ ಹಿತ್ತಲಿನಿಂದ, “ನಮ್ಮನಿಯವ್ರು ಉಳಿ ಮಾಡಾಕತ್ತಾರ್ರಿ.”

“ಉಳಿಗೆ ಬಳ್ಳೊಳ್ಳಿ ಯಾಕ ಬೇಕವ್ವಾ?”

ನಾನು ಮೀಸೆಯಿದ್ದ ಜಾಗವನ್ನು ಕೈಯಿಂದ ಮುಚ್ಚಿಕೊಂಡು ಒಳಗೆ ನಡೆದೆ.

ಅಪ್ಪ ಅಪರಾಧಿಯಂತೆ ಮೂಲೆಯಲ್ಲಿ ನಿಂತಿದ್ದ. “ನನ್ನಿಂದ ಕೆಟ್ಟಿತೇನೋ ತಮ್ಮಾ?” ಎಂದ. ಅವನ ಕೈಯಲ್ಲಿ ಇನ್ನೂ ಒಂದು ಹರಳಿತ್ತು, ಇದ್ದವುಗಳಲ್ಲಿ ಎಲ್ಲಕ್ಕಿಂತ ಚೆಂದದ್ದು. ನನ್ನ ಸಿಟ್ಟು ಅಲ್ಲೇ ಕರಗಿತು. “ಇಲ್ಲಪ್ಪಾ, ನಾನ ಸರಿಯಾಗಿ ಹೇಳಿದ್ದಿಲ್ಲ” ಎಂದೆ. ಪಾರ್ವತಿ ನನ್ನ ಮುಖವನ್ನು ಎಡದಿಂದ ನೋಡಿದಳು, ಬಲದಿಂದ ನೋಡಿದಳು. “ಉಳಿದ ಅರ್ಧಾನೂ ತಗದಬಿಡ್ರಿ. ಕೂಸು ಹುಟ್ಟಿದ ಕೂಡ್ಲೆ ಮಾಮಾನ್ನ ನೋಡಿ ಅಂಜಬಾರದು” ಎಂದಳು.

ಬೋಳು ಮುಖದಿಂದ ಮತ್ತೆ ಫೋರ್‌ಮನ್ ಮುಂದೆ ನಿಂತೆ. ಅವರು ನನ್ನ ಮೀಸೆಯಿದ್ದ ಜಾಗವನ್ನು ಬಹಳ ಹೊತ್ತು ನೋಡಿ ಇನ್ನೊಂದು ಚೂರು ಕೊಟ್ಟರು. ಹೊರಡುವಾಗ “ನೀರಾಗ ಅದ್ದಬ್ಯಾಡ, ಬೂದಿಯೊಳಗಿಟ್ಟು ಆರಿಸು” ಎಂದರು. ಈ ಸಲ ಚೂರು, ಮಾತು ಎರಡನ್ನೂ ತೆಗೆದುಕೊಂಡೆ. ಬೆಸುಗೆ ನಿಂತಿತು!

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಬುದ್ಧಿವಂತ ಎನಿಸಿಕೊಳ್ಳುತ್ತಿದ್ದೆ. ಆದರೆ ಗೆದ್ದ ಮನುಷ್ಯನಿಗೆ ನಿಲ್ಲಲು ಬರುವುದಿಲ್ಲ. ತುದಿ ನೇರಕ್ಕಿದ್ದರೂ ಗಂಟು ಸಿಕ್ಕರೆ ಉಳಿ ಒಂದಿಷ್ಟಾದರೂ ತಿರುಗಬಹುದಲ್ಲ ಎಂಬ ಹುಳ ತಲೆ ಹೊಕ್ಕಿತು. ಹಾಗಾಗಿ ಹಿಡಿಕೆಯಿಂದ ಒಂದು ಕಬ್ಬಿಣದ ಪಟ್ಟಿ ಹೊರಡಿಸಿ, ಮುಂಗೈಯ ಕೆಳಗೆ ಮೊಣಕೈವರೆಗೆ ಒಯ್ದು, ಎರಡು ಚರ್ಮದ ಬೆಲ್ಟಿನಿಂದ ತೋಳಿಗೆ ಬಿಗಿಯುವ ಏರ್ಪಾಟು ಮಾಡಿದೆ. ಇನ್ನು ಮಣಿಕಟ್ಟಿಗೆ ಕೆಲಸವೇ ಇಲ್ಲ! ಮುಗಿದಾಗ ಅದು ಉಳಿಯಂತೆ ಕಾಣದೆ, ಯಾವುದೋ ಎತ್ತಿನ ಕಾಲಿಗೆ ಹಾಕುವ ಸಂಕೋಲೆಯಂತೆ ಕಾಣುತ್ತಿತ್ತು.

“ಇದನ್ನ ಹಿಡೀಬೇಕೋ, ಉಟ್ಕೋಬೇಕೋ?” ಎಂದು ಕೇಳಿದಳು ಶಾಂತಾ.

ಪರೀಕ್ಷೆಯ ಸಂಜೆ ಅಪ್ಪ ಕರೆದ ಓಣಿಯವರೆಲ್ಲ ಪಡಸಾಲೆಯಲ್ಲಿ ಸೇರಿದರು. ಆಚಾರ್ಯರೂ ಮೊದಲು ವಾಸನೆ ನೋಡಿ ಆಮೇಲೆ ಒಳಗೆ ಬಂದರು. ಮೊದಲ ಪ್ರಯೋಗವನ್ನು ಅಪ್ಪನ ಕೈಯ ಮೇಲೆ ಮಾಡುವಷ್ಟು ಕಟುಕ ನಾನಲ್ಲ. ನಾನೇ ಕಟ್ಟಿಕೊಂಡೆ. ನಾನು ಎಡಚ, ಆದ್ದರಿಂದ ಎಡತೋಳಿಗೆ. ಪಾರ್ವತಿ ಸೆರಗು ಸಿಕ್ಕಿಸಿಕೊಂಡು ಗಾಲಿ ಹಿಡಿದಳು.

“ಜೋರಾಗಿ ತಿರುವು!” ಎಂದೆ.

“ಸಾವಕಾಶ ತಿರುವಲೇನ್ರಿ?”

“ಜೋರಾಗಿ!”

ಗಾಲಿ ತಿರುಗಿತು. ಸಾಗವಾನಿ ಗುಂಯ್ ಎಂದಿತು. ನಾನು ಒಂದು ಕ್ಷಣ ಎಲ್ಲರತ್ತ ನೋಡಿ ನಕ್ಕು, ಉಳಿಯನ್ನು ತಾಗಿಸಿದೆ.

ಆ ಕಾರ್ಬೈಡ್ ಚೂರಿಗೆ ಚೌಕ ಮೂಲೆ ಇತ್ತು. ಕಬ್ಬಿಣಕ್ಕೆ ಅದು ಸರಿ. ಕಟ್ಟಿಗೆಗೆ ಆ ಮೂಲೆ ಮೊಳೆ ಇದ್ದ ಹಾಗೆ. ಗಪ್ಪನೆ ಕಚ್ಚಿತು. ಮುಂದಿನದು ಕಣ್ಣು ಮಿಟುಕಿಸುವುದರೊಳಗೆ ನಡೆಯಿತು. ನನ್ನ ಸಿದ್ಧಾಂತ ಮಾತ್ರ ನೂರಕ್ಕೆ ನೂರು ನಿಜವಾಯಿತು: ಉಳಿ ತಿರುಗಲಿಲ್ಲ.

ನಾನು ತಿರುಗಿದೆ!

ತೋಳು ಉಳಿಯ ಹಿಂದೆ, ಭುಜ ತೋಳಿನ ಹಿಂದೆ, ನಾನು ಭುಜದ ಹಿಂದೆ. ಒಂದು ಸುತ್ತು ಹಾಕಿ ಲೇಥಿನ ಕಾಲ ಬುಡದಲ್ಲಿ ಕುಳಿತಿದ್ದೆ. ಸಾಗವಾನಿ ತುಂಡು ಕಿತ್ತುಕೊಂಡು ಬಾಗಿಲಿನಿಂದ ಹೊರಗೆ ಹೋಗಿತ್ತು. ಪಾರ್ವತಿ ಗಾಲಿ ಬಿಟ್ಟು ಓಡಿಬಂದಳು. ಮೊದಲು ಮಾತಾಡಿದವನು ಅಪ್ಪ. ಅವನು ನನ್ನ ತೋಳಿನ ಕಡೆಗೆ ಬೆರಳು ಮಾಡಿ, ಹೆಮ್ಮೆಯಿಂದ ಕೂಗಿದ:

“ನೋಡ್ರಿ, ನೋಡ್ರಿ! ಉಳಿ ಎಳ್ಳಷ್ಟೂ ತಿರುಗಿಲ್ಲ!”

ಉಳುಕು ತೆಗೆಯುವವನು ಬಂದು ನನ್ನ ಎಡಗೈಗೆ ಪಟ್ಟು ಹಾಕಿ, ಬಟ್ಟೆ ಸುತ್ತಿ, ಕೊರಳಿಗೆ ತೂಗುಹಾಕಿದ. ಬಂದದ್ದೇ ಆಯಿತೆಂದು ಅಪ್ಪನ ಬಲಗೈಗೂ ಹೊಸ ಪಟ್ಟು ಹಾಕಿ, ಹಾಗೇ ತೂಗುಹಾಕಿ ಹೋದ. ಅಪ್ಪ, ನಾನು ಗೋಡೆಗೆ ಒರಗಿ ಅಕ್ಕಪಕ್ಕ ಕೂತೆವು. ಪಾರ್ವತಿ ಇಬ್ಬರ ನಡುವೆ ಗಂಗಾಳವಿಟ್ಟು, ಜೋಳದ ರೊಟ್ಟಿ ಮುರಿದು, ಪಲ್ಯ ಹಚ್ಚಿ ಅಪ್ಪನ ಮುಂದೆ ಒಂದು ತುಣುಕು, ನನ್ನ ಮುಂದೆ ಒಂದು ತುಣುಕು ಇಡುತ್ತಿದ್ದಳು. ಬೈಯುವಳೆಂದು ಕಾದೆ. ಬೈಯಲಿಲ್ಲ. ಮುರಿದ ರೊಟ್ಟಿಯ ತುಣುಕನ್ನೇ ಮತ್ತೆ ಮತ್ತೆ ಮುರಿದು ಪುಡಿ ಮಾಡುತ್ತಿದ್ದಳು. ಅವಳು ಎಷ್ಟು ಹೆದರಿದ್ದಳೆಂದು ನನಗೆ ಆಗ ತಿಳಿಯಿತು. “ಜೋರಾಗಿ ಅಂದಿದ್ದು ನಾನ” ಎಂದೆ. “ಸುಮ್ನ ಉಣ್ರಿ” ಎಂದಳು.

ಹೆಣ್ಣು ಕೂಸು ಹುಟ್ಟಿದಾಗಲೂ ನಮ್ಮ ಕೈಗಳು ಕೊರಳಲ್ಲೇ ಇದ್ದವು. ತೊಲೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದ್ದರು. ಅಪ್ಪ ಜೋಲಿಯೊಳಗೆ ಬಗ್ಗಿ ನೋಡಿದ. ಆಮೇಲೆ ಹೊರಗೆ ಬಂದು, ಯಾರಿಗೂ ಅಲ್ಲದ ಹಾಗೆ ಅಂದ: “ಬಡಿಗ್ಯಾನ ಮೊಮ್ಮಗಳು, ಜೋಲಿಯೊಳಗ ಮಕ್ಕೊಂಡಾಳ.”

ಪಾರ್ವತಿ ಬಾಣಂತಿಗೆ ನೀರು ಕಾಯಿಸುತ್ತಿದ್ದವಳು ಅಲ್ಲಿಂದಲೇ ಹೇಳಿದಳು: “ಮಾವಾರ, ನಿಮ್ಮ ಎಡಗೈ ಗಟ್ಟಿ ಐತಿ. ಇವರ ಬಲಗೈ ಗಟ್ಟಿ ಐತಿ. ಇಬ್ಬರನ್ನೂ ಕೂಡಿಸಿದ್ರ ಒಬ್ಬ ಬಡಿಗ್ಯಾ ಆಕ್ಕಾನಲ್ರಿ!”

ಅವಳು ಹೇಳಿದ್ದು ಚೇಷ್ಟೆಗೆ. ಅಪ್ಪ ನನ್ನ ಮುಖ ನೋಡಿದ. ನಾನು ಅಪ್ಪನ ಮುಖ ನೋಡಿದೆ.

ಮರುದಿನ ಉಳಿಯಿಂದ ಆ ಕಬ್ಬಿಣದ ಪಟ್ಟಿಯನ್ನೂ ಬೆಲ್ಟುಗಳನ್ನೂ ಕಿತ್ತುಹಾಕಿದೆವು. ಕಾರ್ಖಾನೆಯ ಸಾಣೆಯಲ್ಲಿ ಕಾರ್ಬೈಡಿನ ಮೂಲೆಯನ್ನು ಗುಂಡಗೆ ಮಾಡಿಸಿ ತಂದೆ. ನನ್ನ ಮಹಾನಕ್ಷೆಯಲ್ಲಿ ಉಳಿದದ್ದು ಬಾಗಿದ ಕೊರಳು, ಗಟ್ಟಿ ತುದಿ ಎರಡೇ. ಅಪ್ಪ ಲೇಥಿನ ಮುಂದೆ ನಿಂತು ಎಡಗೈಯಿಂದ ಉಳಿಯ ಮುಂಭಾಗವನ್ನು ಹಿಡಿದ. ನಾನು ಅವನ ಬೆನ್ನಿಗೆ ಅಂಟಿ ನಿಂತು ಬಲಗೈಯಿಂದ ಹಿಡಿಕೆ ಹಿಡಿದೆ. ಪಾರ್ವತಿ ಗಾಲಿಯನ್ನು ಸಾವಕಾಶ ತಿರುವಿದಳು. ಈ ಸಲ ಅವಳು ಯಾರನ್ನೂ ಕೇಳಲಿಲ್ಲ.

“ಒತ್ತಬ್ಯಾಡೋ. ಸುಮ್ನ ಹಿಡಿ. ಹೂಂ... ಈಗ ಸರಿ. ಏ, ನಕ್ಷಿ ಬರ್ಯಾಕತ್ತಿಯೇನು? ಉಸುರು ಬಿಡು!” ಎಂದ ಅಪ್ಪ.

ಸಾಗವಾನಿಯ ಹೊಟ್ಟು ಎಳೆಎಳೆಯಾಗಿ ನಮ್ಮಿಬ್ಬರ ಮೇಲೂ ಬೀಳತೊಡಗಿತು. ಉಳಿ ನಡುಗಲಿಲ್ಲ. ತಿರುಗಲಿಲ್ಲ. ಅದು ಬಾಗಿದ ಕೊರಳಿನ ಮಹಿಮೆಯೋ, ದೂರದೂರ ಹಿಡಿದ ಇಬ್ಬರ ಕೈಯ ಮಹಿಮೆಯೋ, ಲೆಕ್ಕ ಹಾಕಬಹುದಿತ್ತು. ಹಾಕಲಿಲ್ಲ. ದೊಡ್ಡವನಾದ ಮೇಲೆ ಅಪ್ಪನಿಗೆ ಅಷ್ಟು ಹತ್ತಿರ ನಾನು ನಿಂತಿರಲಿಲ್ಲ. ಅವನ ಹೆಗಲು ನನ್ನ ಗದ್ದಕ್ಕಿಂತ ಕೆಳಗೆ ಬಂದಿದೆ ಎಂಬುದು ಅಂದೇ ನನಗೆ ಗೊತ್ತಾದದ್ದು.

ಹೀಗೆ ಒಬ್ಬ ಬಡಿಗನಾಗಿ ನಾವಿಬ್ಬರು ಕಂಬದ ಮೇಲೆ ಕಂಬ ಕಡೆದೆವು. ಕೊನೆಯ ಒಂದು ಕಂಬ ಉಳಿದಾಗ ನನ್ನ ಎಡಗೈಯ ಪಟ್ಟು ಬಿಚ್ಚಿದರು. ನನ್ನೊಳಗಿನ ತಜ್ಞ ಮತ್ತೆ ಎದ್ದು ಕೂತ!

“ಅಪ್ಪಾ, ಇದೊಂದು ನಾ ಒಬ್ಬನ ಮಾಡ್ತೇನಿ.”

ಅಪ್ಪ ಪಾರ್ವತಿಯ ಕಡೆ ನೋಡಿದ. ಪಾರ್ವತಿ ಸೂರಿನ ಕಡೆ ನೋಡಿದಳು. “ಮಾಡು” ಎಂದ ಅಪ್ಪ.

ಮಾಡಿದೆ. ಉಳಿದ ಕಂಬಗಳೆಲ್ಲ ಮಲ್ಲಿಗೆ ಮೊಗ್ಗಿನ ಹಾಗೆ ನವಿರಾಗಿದ್ದರೆ ನನ್ನದು ನಡುವೆ ಬಾತುಕೊಂಡು, ಒಂದು ಕಡೆ ವಾಲಿ, ಬೀಜಕ್ಕೆ ಬಿಟ್ಟ ಬದನೆಕಾಯಿಯಂತಾಯಿತು. ಬೇರೆ ಮಾಡೋಣವೆಂದರೆ ಸಾಗವಾನಿ ಮುಗಿದಿತ್ತು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನವೂ ಬಂದುಬಿಟ್ಟಿತ್ತು. ಆ ಕಂಬವನ್ನು ಗೋಡೆಯ ಕಡೆಗೆ ಬರುವಂತೆ ಕೂಡಿಸಿ, ತೊಟ್ಟಿಲನ್ನು ತೂಗುಹಾಕಿದೆವು.

ಹೆಸರಿಡುವ ದಿನ ಅಮ್ಮಿನಬಾವಿಯಿಂದ ಚಕ್ಕಡಿ ಕಟ್ಟಿಕೊಂಡು ಬೀಗರು ಬಂದರು. ಶಾಂತಾಳ ಅತ್ತೆ ಗಟ್ಟಿ ಹೆಂಗಸು. ಮಾತಿಗೆ ಮೊದಲು ಕಣ್ಣಿನಿಂದಲೇ ತೂಗಿ ನೋಡುವವರು. ಕೂಸಿನ ತಲೆಗೆ ಕುಂಚಿಗೆ ಹಾಕಿ ತೊಟ್ಟಿಲಲ್ಲಿ ಮಲಗಿಸಿದರು, ಜೋಗುಳ ಹಾಡಿದರು. ತೊಟ್ಟಿಲು ತೂಗುತ್ತ ತೂಗುತ್ತ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಗೋಡೆಯ ಕಡೆಗೂ ಹೋದರು. ನಿಂತರು.

“ಬೀಗರ,” ಎಂದರು, “ಇಷ್ಟ ಛಂದ ತೊಟ್ಲದಾಗ ಇದೊಂದು ಹಿಂಗ್ಯಾಕ್ರಿ?”

ಮನೆಯ ತುಂಬ ಜನ. ನನ್ನ ಕಿವಿ ಬಿಸಿಯಾಯಿತು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ತನ್ನ ಬಲಗೈ ಮಣಿಕಟ್ಟು ಎತ್ತಿ ತೋರಿಸಿ ನಕ್ಕ.

“ಅದು ನಂದ್ರೀ ಬೀಗತೇರ. ಮುದುಕನ ಕೈ ನೋಡ್ರಿ, ಸೋತೈತಿ. ಉಳಿದದ್ದೆಲ್ಲಾ ನನ್ನ ಮಗಂದು. ಉಳೀನೂ ಅವಂದ.”

ಇಡೀ ಆಯುಷ್ಯದಲ್ಲಿ ಒಂದೂ ಸೊಟ್ಟ ಕಂಬ ಮಾಡದ ಮನುಷ್ಯ ಅಷ್ಟು ಜನರ ಮುಂದೆ ನನ್ನ ಬದನೆಕಾಯಿಯನ್ನು ತನ್ನ ಹೆಸರಿಗೆ ಬರೆಸಿಕೊಂಡ. ಇದನ್ನು ಸುಮ್ಮನೆ ಬಿಡುವುದು ಹೇಗೆ? ಎದ್ದು ನಿಂತು ಸಭೆಯಲ್ಲಿ ಸಾಕ್ಷಿ ಹೇಳುವವನಂತೆ ಗಟ್ಟಿಯಾಗಿ ಹೇಳಿದೆ:

“ಇಲ್ರಿ! ಅಪ್ಪ ಸುಳ್ಳ ಹೇಳಾಕತ್ತಾನ. ಆ ಸೊಟ್ಟ ಕಂಬ ನಂದು. ನಾ ಒಬ್ಬನ ಮಾಡಿದ್ದು!”

ಬೀಗತಿಯವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಅವರ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಸುತ್ತಲಿನ ಹೆಂಗಸರಿಗೆಲ್ಲ ಕೇಳುವಂತೆ ಅಂದರು:

“ನೋಡ್ರೆವ್ವಾ, ಮಗಾ ಅಂದ್ರ ಹಿಂಗಿರಬೇಕು! ಅಪ್ಪನ ತಪ್ಪು ಮುಚ್ಚಾಕ ತನ್ನ ಮ್ಯಾಲ ಹಾಕ್ಕೊಂತಾನ. ಎಂಥಾ ಗುಣಾ!”

“ಖರೇನ ನಂದ್ರೀ!” ಎಂದೆ.

“ಹೌದಪ್ಪಾ, ಹೌದು. ನಿಂದ” ಎಂದು ಅವರು ನನ್ನ ಬೆನ್ನು ಸವರಿದರು.

“ದೇವರಾಣಿ ನಂದ್ರೀ!”

ಆಚಾರ್ಯರು ಕೂಡ “ಸಾಕ್ಷಾತ್ ಶ್ರವಣಕುಮಾರ!” ಎಂದು ಮೆಚ್ಚಿದರು. ನಾನು ಪಾರ್ವತಿಯ ಕಡೆ ತಿರುಗಿದೆ, ಇವಳಾದರೂ ಸಾಕ್ಷಿ ಹೇಳಲಿ ಎಂದು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅಪ್ಪ ತೊಟ್ಟಿಲ ಹಗ್ಗ ಹಿಡಿದು ಮೊಮ್ಮಗಳನ್ನು ತೂಗುತ್ತಿದ್ದ. ನಗು ತಡೆದು ಅವನ ಹೆಗಲು ಕುಣಿಯುತ್ತಿತ್ತು.

ಒಳ್ಳೆಯ ಕೆಲಸ ಮಾಡಿ ಹೊಗಳಿಸಿಕೊಂಡವರನ್ನು ನಾನು ನೋಡಿದ್ದೇನೆ. ಕೆಟ್ಟ ಕೆಲಸ ಮಾಡಿ, ಅದನ್ನು ನನ್ನದೇ ಎಂದು ಆಣೆ ಮಾಡಿ ಹೇಳಿ, ಆಮೇಲೂ ಹೊಗಳಿಸಿಕೊಂಡವನು ನಮ್ಮ ಓಣಿಯಲ್ಲಿ ನಾನೊಬ್ಬನೇ!